ಭಂಗಿಯ ಪಂಚಭಕ್ಷ್ಯ

ನನ್ನ ಸೋದರಮಾವನವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಅರವತ್ತಾರು ವರ್ಷದ ಬಾಳಿನಲ್ಲಿ ಎಲೆಯಡಿಕೆಯೊಂದರ ಹೊರತು ಬೇರೆ ಚಟವನ್ನು ಕಂಡವರಲ್ಲ. ಅಂಥವರು ಮೂರು ವರ್ಷಗಳ ಹಿಂದೆ ಕಾಶಿಯಲ್ಲಿ, ಶಿವರಾತ್ರಿಯ ಮರುದಿನ ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ, ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, “ನನ್ನ ಕಾಲ ಮುಗಿಯಿತಪ್ಪ, ಬಾಯಿಗೆ ಗಂಗೋದಕ ಬಿಡು” ಎಂದರು. ಅವರ ಎದೆ ನಗಾರಿಯಂತೆ ಹೊಡೆದುಕೊಳ್ಳುತ್ತಿತ್ತು, ನಾಲಿಗೆ ಒಣಗಿತ್ತು, ಗೋಡೆಯ ಮೇಲಿನ ಗಡಿಯಾರ ನಿಂತುಹೋಗಿದೆಯೆಂದು ಮತ್ತೆ ಮತ್ತೆ ಹೇಳುತ್ತಿದ್ದರು. ಗಡಿಯಾರವೇನೋ ಸರಿಯಾಗಿಯೇ ನಡೆಯುತ್ತಿತ್ತು. ನನ್ನ ತಾಯಿ ಅಳುತ್ತ ಗಂಗೆಯ ತಂಬಿಗೆಯ ಮುಂದೆ ಕುಳಿತುಬಿಟ್ಟರು. ಕಾಶಿಯಲ್ಲಿ ಮರಣವೆಂದರೆ ಮುಕ್ತಿಯೆಂದು ನಂಬಿದ ಆಕೆಗೂ ಅಣ್ಣನ ಮುಕ್ತಿ ಅಷ್ಟು ಬೇಗ ಬೇಕಾಗಿರಲಿಲ್ಲ.

ಛತ್ರದವರು ಕರೆತಂದ ವೈದ್ಯರು ನಾಡಿ ನೋಡಿದರು, ರಕ್ತದ ಒತ್ತಡವನ್ನು ಅಳೆದರು; ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಸಂಜೆ ಇವರು ಏನು ತಿಂದರು?”

ಆಗ ಪೇಡದ ಸಂಗತಿ ಹೊರಬಿತ್ತು. ಸಂಜೆ ಗಲ್ಲಿಯೊಂದರ ಅಂಗಡಿಯಲ್ಲಿ ಮಾವನವರು ನಾಲ್ಕು ಪೇಡ ಕೊಂಡಿದ್ದರು. ಅಂಗಡಿಯವನು ಅದು ‘ಬೂಟಿ’ಯ ಪೇಡವೆಂದು ಹೇಳಿಯೇ ಕೊಟ್ಟಿದ್ದನಂತೆ. ಪ್ರಾಯದಲ್ಲಿ ಹಿಂದಿ ಪರೀಕ್ಷೆಗಳನ್ನು ಮಾಡಿಕೊಂಡಿದ್ದ ಮಾವನವರು ಬೂಟಿಯೆಂದರೆ ಗಿಡಮೂಲಿಕೆಯೆಂದು ಸರಿಯಾಗಿಯೇ ಅರ್ಥ ಮಾಡಿಕೊಂಡು, ದೇಹಕ್ಕೆ ಹಿತವೆಂದು ಆರೂವರೆಗೆ ಒಂದನ್ನು ತಿಂದರು. ರುಚಿಯಾಗಿತ್ತು, ಏಳೂಕಾಲಿಗೆ ಇನ್ನೊಂದನ್ನು ತಿಂದರು. ನಿಘಂಟಿನಲ್ಲಿ ಬೂಟಿ ಎಷ್ಟೋ ಮೂಲಿಕೆಗಳ ಹೆಸರಾಗಿರಬಹುದು. ಕಾಶಿಯ ಗಲ್ಲಿಯಲ್ಲಿ ಅದು ಒಂದೇ ಮೂಲಿಕೆಯ ಹೆಸರು. ಅದು ಭಂಗಿ. ಉಳಿದ ಎರಡು ಪೇಡಗಳ ಕಥೆಯನ್ನು ಕೊನೆಯಲ್ಲಿ ಹೇಳುತ್ತೇನೆ.

ಒಂದು ಗಿಡ, ನಾಲ್ಕು ಪದಾರ್ಥ

ಕನ್ನಡದಲ್ಲಿ ‘ಭಂಗಿ ಸೇದುವುದು’ ಎಂಬ ಮಾತು ರೂಢಿಯಲ್ಲಿರುವುದರಿಂದ ಭಂಗಿಯೂ ಗಾಂಜಾವೂ ಒಂದೇ ಎಂದು ಅನೇಕರು ತಿಳಿದಿದ್ದಾರೆ. ಗಿಡವೇನೋ ಒಂದೇ, ಪದಾರ್ಥಗಳು ಬೇರೆ ಬೇರೆ. ಎಲೆಯಿಂದ ಆಗುವುದು ಭಂಗಿ. ಹೆಣ್ಣು ಗಿಡದ ಹೂವಿನ ತುದಿಗಳು ಗಾಂಜಾ. ಅವುಗಳಿಂದ ಒಸರುವ ಅಂಟು ಚರಸ್. ನಾಲ್ಕನೆಯದಾದ ಬೀಜದಲ್ಲಿ ಅಮಲೇ ಇಲ್ಲವೆನ್ನಬಹುದು. ಬ್ರಿಟಿಷ್ ಸರಕಾರ ೧೮೯೩ರಲ್ಲಿ ನೇಮಿಸಿದ ಆಯೋಗವೊಂದು ಇವುಗಳ ಬಳಕೆಯನ್ನು ದೇಶದುದ್ದಗಲಕ್ಕೂ ವಿಚಾರಿಸಿ, ಏಳು ಸಂಪುಟಗಳ ವರದಿಯನ್ನು ೧೮೯೪ರಲ್ಲಿ ಒಪ್ಪಿಸಿತು. ಮಿತವಾದ ಸೇವನೆಯಿಂದ ಹೇಳುವಂಥ ಹಾನಿಯಿಲ್ಲ, ಅತಿಯಾದರೆ ಹಾನಿಯುಂಟು ಎಂಬುದು ಅದರ ಅಭಿಪ್ರಾಯ. ಆದರೆ ‘ಮಿತ’ವೆಂದರೆ ಎಷ್ಟು? ತೊಡಕೆಲ್ಲ ಇರುವುದು ಅಲ್ಲಿಯೇ.

ಅಮಲನ್ನು ತರುವ ಮುಖ್ಯ ದ್ರವ್ಯವನ್ನು ಇಸ್ರೇಲಿನ ರಾಫೆಲ್ ಮೆಶೂಲಂ ಮತ್ತು ಯೆಹಿಯೇಲ್ ಗಾವೊನಿ ಎಂಬ ವಿಜ್ಞಾನಿಗಳು ೧೯೬೪ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ತೋರಿಸಿದರು. ಟಿ.ಎಚ್.ಸಿ. ಎಂದು ಅದರ ಸಂಕ್ಷಿಪ್ತ ನಾಮ. ಅದರ ಎರಡು ಸ್ವಭಾವಗಳನ್ನು ತಿಳಿದರೆ ಭಂಗಿಯ ಅಡುಗೆಯೆಲ್ಲ ಅರ್ಥವಾಗುತ್ತದೆ. ಹಸಿಯೆಲೆಯಲ್ಲಿ ಅದು ಬಹುಮಟ್ಟಿಗೆ ಅಮಲಿಲ್ಲದ ಆಮ್ಲರೂಪದಲ್ಲಿರುತ್ತದೆ. ಒಣಗಿಸಿ, ಬಿಸಿಮಾಡಿದಾಗ ಅಮಲಿನ ರೂಪಕ್ಕೆ ತಿರುಗುತ್ತದೆ. ಅಲ್ಲದೆ ಅದು ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುವುದು. ಎಲೆಯನ್ನು ಹಾಲಿನಲ್ಲಿ ಕುದಿಸುವ, ತುಪ್ಪದಲ್ಲಿ ಹುರಿಯುವ, ಬಾದಾಮಿಯೊಡನೆ ಅರೆಯುವ ಪದ್ಧತಿಗಳು ರುಚಿಗಾಗಿ ಮಾತ್ರ ಹುಟ್ಟಿದವಲ್ಲ. ರಸಾಯನಶಾಸ್ತ್ರ ಹೇಳುವುದಕ್ಕೆ ಎಷ್ಟೋ ಕಾಲ ಮೊದಲೇ ಅಡುಗೆಯವರ ಕೈಗೆ ಇದು ತಿಳಿದಿತ್ತು.

ಐದು ಬಗೆ

ಆಹಾರವನ್ನು ಭಕ್ಷ್ಯ, ಭೋಜ್ಯ, ಲೇಹ್ಯ, ಚೋಷ್ಯ, ಪೇಯವೆಂದು ವಿಂಗಡಿಸುವುದು ನಮ್ಮವರ ಹಳೆಯ ಕ್ರಮ. ಭಂಗಿಯ ತಿನಿಸುಗಳಿಗೂ ಈ ಐದು ಮನೆಗಳೇ ಸಾಕು.

ಮೊದಲನೆಯದು ಪೇಯ. ಬಾದಾಮಿ, ಗಸಗಸೆ, ಸೋಂಪು, ಮೆಣಸು, ಏಲಕ್ಕಿ, ಗುಲಾಬಿಯ ಎಸಳುಗಳನ್ನು ನುಣ್ಣಗೆ ಅರೆದು ಸಕ್ಕರೆ ಹಾಲಿನಲ್ಲಿ ಕದಡಿದರೆ ಠಂಡಾಯಿ. ಇಷ್ಟೇ ಆದರೆ ಮಕ್ಕಳೂ ಕುಡಿಯಬಹುದಾದ ತಂಪು ಪಾನೀಯ. ಹೋಳಿಹಬ್ಬಕ್ಕೂ ಶಿವರಾತ್ರಿಗೂ ಉತ್ತರ ದೇಶದಲ್ಲಿ ಇದಕ್ಕೆ ಭಂಗಿಯ ಉಂಡೆಯನ್ನು ಸೇರಿಸುತ್ತಾರೆ. ಎಲೆಯನ್ನು ತೊಳೆದು, ಬೇಯಿಸಿ, ಕಲ್ಲಿನ ಮೇಲೆ ಅರೆದು ಮಾಡಿದ ಹಸುರು ಗೋಲಿ ಅದು. ಅಭ್ಯಾಸವುಳ್ಳವರು ಅದನ್ನೇ ನೀರಿನೊಡನೆ ನುಂಗುವುದೂ ಉಂಟು. ಮೊಸರಿನಲ್ಲಿ ಕಡೆದರೆ ಭಂಗಿಯ ಲಸ್ಸಿ. ಪೇಯದಲ್ಲಿರುವ ಅಪಾಯವೆಂದರೆ ಗಸಿ: ಮೇಲಿನ ಲೋಟದಲ್ಲಿರುವಷ್ಟೇ ಬಲ ಪಾತ್ರೆಯ ತಳದ ಲೋಟದಲ್ಲಿರುವುದೆಂದು ನಂಬುವಂತಿಲ್ಲ.

ಎರಡನೆಯದು ಭಕ್ಷ್ಯ. ಎಲೆಯನ್ನು ಕಡಲೆಹಿಟ್ಟಿನೊಡನೆ ಕಲಸಿ ಕರಿದ ಪಕೋಡ, ಖೋವಾದಲ್ಲಿ ಬೆರೆಸಿದ ಪೇಡ ಮತ್ತು ಬರ್ಫಿ ಈ ಗುಂಪಿನವು. ಪಾಶ್ಚಾತ್ಯ ದೇಶಗಳಲ್ಲಿ ಗಾಂಜಾದ ಬೆಣ್ಣೆಯಿಂದ ಮಾಡುವ ಕೇಕು, ಬಿಸ್ಕತ್ತುಗಳೂ ಇದೇ ಪಂಕ್ತಿಯವು. ಇವುಗಳಲ್ಲಿ ತುಪ್ಪ, ಖೋವಾ, ಬೆಣ್ಣೆಗಳೇ ಪ್ರಧಾನವಾದುದರಿಂದ ದ್ರವ್ಯವು ದೇಹಕ್ಕೆ ಚೆನ್ನಾಗಿ ಹತ್ತುತ್ತದೆ.

ಮೂರನೆಯದು ಲೇಹ್ಯ. ‘ಮಾಜೂನ್’ ಎಂಬುದು ಅರಬ್ಬೀ ಮೂಲದ ಹೆಸರು. ನಾದಿದ ಪಾಕವೆಂದು ಅರ್ಥ. ಭಂಗಿಯನ್ನು ತುಪ್ಪದಲ್ಲಿ ಕುದಿಸಿ, ಸೋಸಿ, ಆ ಹಸುರು ತುಪ್ಪವನ್ನು ಸಕ್ಕರೆಯ ಪಾಕಕ್ಕೂ ಮಸಾಲೆಗಳಿಗೂ ಸೇರಿಸಿ ಇದನ್ನು ಮಾಡುತ್ತಾರೆ. ನಮ್ಮ ನೆರೆಯ ಗೋವೆಯಲ್ಲಿದ್ದ ಪೋರ್ತುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ೧೫೬೩ರಲ್ಲಿ ಅಲ್ಲಿಯೇ ಅಚ್ಚಾದ ತನ್ನ ಗ್ರಂಥದಲ್ಲಿ ಭಂಗಿಯ ವಿಚಾರವನ್ನು ಬರೆದಿದ್ದಾನೆ. ಆಯುರ್ವೇದದಲ್ಲಿ ಭಂಗಿಗೆ ‘ವಿಜಯಾ’ ಎಂದು ಹೆಸರು. ಜಾತೀಫಲಾದಿ ಚೂರ್ಣ, ಮದನಾನಂದ ಮೋದಕ ಮುಂತಾದ ಔಷಧಗಳಿಗೆ ಶೋಧಿಸಿದ ವಿಜಯೆ ಸೇರುತ್ತದೆ. ಆದರೆ ಸರಕಾರದ ಔಷಧ ನಿಯಮಗಳು ಭಂಗಿಯನ್ನು ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿ ಇಟ್ಟಿವೆಯೆಂಬುದನ್ನು ಮರೆಯಬಾರದು. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಅವನ್ನು ಸೇವಿಸತಕ್ಕದ್ದಲ್ಲ.

ನಾಲ್ಕನೆಯದು ಚೋಷ್ಯ, ಎಂದರೆ ಚೀಪತಕ್ಕದ್ದು. ಒಣದ್ರಾಕ್ಷಿಯ ಹೆಸರಿನಲ್ಲಿ ಮಾರುವ ‘ಮುನಕ್ಕಾ’ ಗುಳಿಗೆಗಳು, ಭಂಗಿ ಬೆರೆತ ಚಾಕೊಲೇಟುಗಳು, ಅಮೆರಿಕದಲ್ಲಿ ಬಲು ಪ್ರಸಿದ್ಧವಾಗಿರುವ ಬಣ್ಣಬಣ್ಣದ ಜೆಲ್ಲಿ ಮಿಠಾಯಿಗಳು ಇದರಲ್ಲಿ ಬರುತ್ತವೆ. ಬಾಯಲ್ಲಿಯೇ ಕರಗುವುದರ ಒಂದಂಶ ಬಾಯಿಯ ತೆಳುಪೊರೆಯಿಂದಲೇ ರಕ್ತಕ್ಕೆ ಸೇರಿ ಸ್ವಲ್ಪ ಬೇಗ ಫಲ ತೋರಬಹುದು. ನುಂಗಿದ ಅಂಶ ಮಾತ್ರ ಜಠರದ ದೀರ್ಘಮಾರ್ಗವನ್ನೇ ಹಿಡಿಯುತ್ತದೆ. ಐದು ಬಗೆಗಳಲ್ಲಿ ನನಗೆ ಹೆಚ್ಚು ಭಯವಾಗುವುದು ಇದರದೇ. ಏಕೆಂದರೆ ಇದು ಮಕ್ಕಳ ಕಣ್ಣಿಗೆ ಮಿಠಾಯಿಯಲ್ಲದೆ ಬೇರೇನೂ ಅಲ್ಲ.

ಐದನೆಯದು ಭೋಜ್ಯ. ಕುಮಾವೂನಿನ ಬೆಟ್ಟಗಳಲ್ಲಿ ಭಂಗಿಯ ಬೀಜವನ್ನು ಹುರಿದು, ಹುಳಿ ಖಾರ ಕೂಡಿಸಿ ಚಟ್ನಿ ಅರೆಯುತ್ತಾರೆ. ನಮ್ಮ ಹುಚ್ಚೆಳ್ಳಿನ ಚಟ್ನಿಯಂತೆ ಅದು ದಿನಬಳಕೆಯ ವ್ಯಂಜನ, ಅಮಲು ಬಾರದು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ೨೦೨೧ರಲ್ಲಿ ಈ ಬೀಜವನ್ನೂ ಅದರ ಎಣ್ಣೆ ಮತ್ತು ಹಿಟ್ಟನ್ನೂ, ಟಿ.ಎಚ್.ಸಿ.ಗೆ ಅತ್ಯಲ್ಪ ಮಿತಿಯನ್ನು ವಿಧಿಸಿ, ಆಹಾರವೆಂದು ಒಪ್ಪಿಕೊಂಡಿತು. ಹೆಸರು ಕೇಳಿ ಹೆದರಬೇಕಾಗಿಲ್ಲದ ಬಗೆ ಇದೊಂದೇ.

ತಡವಾಗಿ ಬರುವ ಅತಿಥಿ

ಇನ್ನು ಮಾವನವರ ಎರಡನೆಯ ಪೇಡಕ್ಕೆ ಬರೋಣ. ಸೇದಿದ ಹೊಗೆ ಶ್ವಾಸಕೋಶದಿಂದ ನೇರವಾಗಿ ರಕ್ತಕ್ಕೆ ಸೇರಿ ಕೆಲವೇ ನಿಮಿಷಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಸೇದಿದವನಿಗೆ ಸಾಕೆಂಬುದು ಅಲ್ಲಿಯೇ ತಿಳಿಯುತ್ತದೆ. ತಿಂದದ್ದು ಜಠರವನ್ನೂ ಕರುಳನ್ನೂ ದಾಟಿ ಯಕೃತ್ತಿಗೆ ಹೋಗಬೇಕು. ಅಲ್ಲಿ ಟಿ.ಎಚ್.ಸಿ. ಮತ್ತೊಂದು ರೂಪವನ್ನು ತಾಳುತ್ತದೆ. ಆ ರೂಪವೂ ಪ್ರಬಲವಾದ ಅಮಲಿನದೇ. ಹೀಗಾಗಿ ಫಲ ತೋರಲು ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಹಿಡಿಯುತ್ತದೆ. ಬಂದದ್ದು ಆರೆಂಟು ಗಂಟೆ, ಕೆಲವು ವೇಳೆ ಅದಕ್ಕೂ ಹೆಚ್ಚು ಕಾಲ ನಿಲ್ಲುತ್ತದೆ. “ಏನೂ ಆಗಲಿಲ್ಲವಲ್ಲ!” ಎಂದು ಇನ್ನೊಂದಕ್ಕೆ ಕೈ ಹಾಕುವವನು ಮೊದಲನೆಯದು ಇನ್ನೂ ದಾರಿಯಲ್ಲಿರುವಾಗಲೇ ಎರಡನೆಯದನ್ನು ಕಳುಹಿಸಿರುತ್ತಾನೆ. ಮಾವನವರ ಪಾಲಿಗೆ ಒಂಬತ್ತು ಗಂಟೆಗೆ ಎರಡೂ ಒಟ್ಟಾಗಿ ಬಂದು ಬಾಗಿಲು ತಟ್ಟಿದುವು. ತನಗೆ ಇಷ್ಟವಿಲ್ಲದೆ, ತಿಳಿಯದೆ ತಿಂದವನಿಗೆ ಆ ಅಮಲು ಆನಂದವಾಗಿ ಬರುವುದಿಲ್ಲ, ಮರಣಭಯವಾಗಿ ಬರುತ್ತದೆ.

ಪರದೇಶಗಳು ಈ ಪಾಠವನ್ನು ಬೆಲೆ ತೆತ್ತು ಕಲಿತವು. ಅಮೆರಿಕದ ಕೊಲರಾಡೋ ಸಂಸ್ಥಾನದಲ್ಲಿ ೨೦೧೪ರಲ್ಲಿ ಬಹಿರಂಗ ಮಾರಾಟ ಮೊದಲಾಯಿತು. ಒಂದು ತುತ್ತಿಗೆ ೧೦ ಮಿಲಿಗ್ರಾಂ, ಒಂದು ಪೊಟ್ಟಣಕ್ಕೆ ೧೦೦ ಮಿಲಿಗ್ರಾಂ ಟಿ.ಎಚ್.ಸಿ. ಎಂಬ ಮಿತಿಯನ್ನು ಅಲ್ಲಿ ವಿಧಿಸಿದರು. ಪ್ರಾಣಿಗಳ, ಹಣ್ಣುಗಳ ಆಕಾರದ ಮಿಠಾಯಿಯನ್ನು ೨೦೧೭ರಲ್ಲಿ ನಿಷೇಧಿಸಿದರು. ಕೆನಡಾ ೨೦೧೯ರಲ್ಲಿ ತಿನಿಸುಗಳಿಗೆ ಅನುಮತಿ ಕೊಟ್ಟಾಗ ಇಡೀ ಪೊಟ್ಟಣಕ್ಕೇ ೧೦ ಮಿಲಿಗ್ರಾಂ ಎಂದಿತು. ಹೀಗಿದ್ದರೂ ಅಮೆರಿಕದ ವಿಷಚಿಕಿತ್ಸಾ ಕೇಂದ್ರಗಳಿಗೆ ತಿಳಿದುಬಂದಂತೆ, ಆರು ವರ್ಷದೊಳಗಿನ ಮಕ್ಕಳು ಇಂಥ ತಿನಿಸನ್ನು ತಿಂದ ಪ್ರಸಂಗಗಳು ೨೦೧೭ರಲ್ಲಿ ೨೦೭ ಇದ್ದುವು, ೨೦೨೧ರಲ್ಲಿ ೩,೦೫೪ ಆದುವು. ಪೊಟ್ಟಣದ ಮೇಲೆ ಅಂಕೆ ಇರುವ ನಾಡಿನಲ್ಲಿಯೇ ಹೀಗಾದರೆ, ಮಿಠಾಯಿಯವನ ಬೆರಳೇ ತಕ್ಕಡಿಯಾಗಿರುವ ನಮ್ಮಲ್ಲಿ ಎಷ್ಟು ಎಚ್ಚರವಿರಬೇಡ!

ನಮ್ಮ ದೇಶದ ೧೯೮೫ರ ಮಾದಕದ್ರವ್ಯ ಕಾಯಿದೆ ಗಾಂಜಾ, ಚರಸ್‌ಗಳನ್ನು ನಿಷೇಧಿಸಿದೆ. ಹೂವಿನ ತುದಿ ಬೆರೆಯದ ಬರಿಯ ಎಲೆಯನ್ನೂ ಬೀಜವನ್ನೂ ಗಾಂಜಾದ ಅರ್ಥದಿಂದ ಹೊರಗಿಟ್ಟಿದೆ. ಉತ್ತರಪ್ರದೇಶ, ರಾಜಸ್ಥಾನಗಳಲ್ಲಿ ಪರವಾನಗಿ ಪಡೆದ ಭಂಗಿಯ ಅಂಗಡಿಗಳಿರುವುದು ಈ ಕಾರಣದಿಂದ. ಕರ್ನಾಟಕದ ಉಚ್ಚ ನ್ಯಾಯಾಲಯವೂ ೨೦೨೨ರಲ್ಲಿ ಒಂದು ಜಾಮೀನಿನ ಆಜ್ಞೆಯಲ್ಲಿ ಈ ಭೇದವನ್ನು ಎತ್ತಿಹೇಳಿತು. ಆದರೆ ರಾಜ್ಯಗಳ ಅಬಕಾರಿ ಕಾನೂನುಗಳು ಬೇರೆಯೇ ಇವೆ. ಅಲ್ಲಿ ಮಾರುವುದನ್ನು ಇಲ್ಲಿಗೆ ತರುವುದು ನಿರುಪದ್ರವವೆಂದು ಯಾರೂ ಭಾವಿಸಬಾರದು. ಭಂಗಿ ಬೆರೆತ ಚಾಕೊಲೇಟುಗಳನ್ನು ೨೦೨೩ರಲ್ಲಿ ಮಂಗಳೂರಿನ ಪೋಲೀಸರು ಅಂಗಡಿಗಳಿಂದ ವಶಪಡಿಸಿಕೊಂಡ ಸುದ್ದಿಯನ್ನು ವಾಚಕರು ಓದಿರಬಹುದು.

ಅಂದಿನ ರಾತ್ರಿ ವೈದ್ಯರು ಹೇಳಿದ್ದು ಇಷ್ಟು: ರೋಗಿಯನ್ನು ಮಲಗಿಸಿರಿ, ಥಟ್ಟನೆ ಎದ್ದು ನಿಲ್ಲಲು ಬಿಡಬೇಡಿರಿ, ಗುಟುಕು ಗುಟುಕಾಗಿ ನೀರು ಕೊಡಿರಿ, ಹೆದರಬೇಡವೆಂದು ಮೆಲ್ಲನೆ ಮಾತನಾಡುತ್ತಿರಿ. ಹುಣಿಸೆಹುಳಿ, ನಿಂಬೆಹುಳಿಗಳನ್ನು ಕುಡಿಸುವ ರೂಢಿಯನ್ನು ನಂಬಿ ಕಾಲ ಕಳೆಯಬಾರದು. ಎದೆನೋವು, ಉಸಿರಿನ ತೊಂದರೆ, ಎಚ್ಚರ ತಪ್ಪುವಿಕೆ ಕಂಡರೆ ಆಸ್ಪತ್ರೆಗೇ ಹೋಗಬೇಕು; ತಿಂದವನು ಮಗುವಾದರೆ ಯಾವ ಲಕ್ಷಣವನ್ನೂ ಕಾಯದೆ ಹೋಗಬೇಕು. ಏನು ತಿಂದದ್ದೆಂಬುದನ್ನು ನಾಚಿಕೆಯಿಂದ ಮುಚ್ಚಿಡಬಾರದು. ಮಗುವಿನ ಉಸಿರೇ ಕುಗ್ಗಿಹೋಗುವ ಸಂಭವವುಂಟು.

ವೈದ್ಯರು ಬಾಗಿಲವರೆಗೆ ಹೋಗಿ ತಿರುಗಿ ನಿಂತು, “ಮಿಕ್ಕದ್ದು ಎಲ್ಲಿದೆ?” ಎಂದರು. ನನ್ನ ತಾಯಿ ಬೆಚ್ಚಿ ಕೈಚೀಲವನ್ನು ತೆರೆದರು. ವಿಭೂತಿಯ ಪೊಟ್ಟಣ, ಕಾಶಿಯ ಕಪ್ಪುದಾರಗಳ ನಡುವೆ ಶುಭ್ರವಾದ ಕರವಸ್ತ್ರದಲ್ಲಿ ಎರಡು ಪೇಡಗಳಿದ್ದುವು. ಊರಿನಲ್ಲಿ ಬಿಟ್ಟುಬಂದಿದ್ದ ನನ್ನ ಐದು ವರ್ಷದ ಮಗಳಿಗೆ ಪ್ರಸಾದವೆಂದು ಆಕೆ ಕಟ್ಟಿಟ್ಟಿದ್ದರು. ನಾನು ಅವನ್ನು ಬೀದಿಯ ಹಸುವಿಗೂ ಸಿಕ್ಕದಂತೆ ನೀರಿನಲ್ಲಿ ಕರಗಿಸಿ ಬಚ್ಚಲಿಗೆ ಸುರಿದೆ. ಕೈ ನಡುಗುತ್ತಿತ್ತು, ನಾನು ತಿಂದದ್ದು ಏನೂ ಇರಲಿಲ್ಲ.

ಮಾವನವರು ಮರುದಿನ ಹತ್ತು ಗಂಟೆಗೆ ಎದ್ದು ಹಸಿವೆಂದರು. ಈಗ ಆರೋಗ್ಯವಾಗಿದ್ದಾರೆ. ಆದರೆ ಯಾರ ಮನೆಯಲ್ಲಿ ಪೇಡ ಕೊಟ್ಟರೂ ತಟ್ಟೆಯನ್ನು ಮುಟ್ಟುವ ಮುನ್ನ, “ಇದು ಧಾರವಾಡದ್ದೋ, ಕಾಶಿಯದೋ?” ಎಂದು ಕೇಳದೆ ಬಿಡುವುದಿಲ್ಲ. ಕೇಳಿದವರು ನಗುತ್ತಾರೆ. ನನ್ನ ತಾಯಿ ಮಾತ್ರ ನಗುವುದಿಲ್ಲ.