ಬಾಳ್ಗಚ್ಚು, ಕಲ್ನಾಡು ಮತ್ತು ಯೋಧಭರಣದ ವಿಧಿ

ಪ್ರಭುವಿಗಾಗಿ ಆಯುಧವೆತ್ತಿದವನ ಭರಣವು ಪ್ರಭುವಿನ ದಯೆಯೋ ಕರ್ತವ್ಯವೋ ಎಂಬ ಪ್ರಶ್ನೆಗೆ ಪ್ರಾಚೀನ ನೀತಿಗ್ರಂಥಗಳ ಉತ್ತರವು ಸ್ಪಷ್ಟವಾಗಿದೆ. ಅರ್ಥಶಾಸ್ತ್ರದ ಐದನೆಯ ಅಧಿಕರಣದ ಭೃತ್ಯಭರಣೀಯ ಪ್ರಕರಣದಲ್ಲಿ ಕೌಟಿಲ್ಯನು, ಕಾರ್ಯದಲ್ಲಿ ಮಡಿದವರ ಪತ್ನೀಪುತ್ರರಿಗೆ ಅನ್ನವೇತನಗಳು ಸಲ್ಲಬೇಕೆಂದು ವಿಧಿಸುತ್ತಾನೆ; ಅವರ ಮನೆಯ ಬಾಲರನ್ನೂ ವೃದ್ಧರನ್ನೂ ರೋಗಿಗಳನ್ನೂ ಮರೆಯುವುದಿಲ್ಲ. ಸಭಾಪರ್ವದಲ್ಲಿ ನಾರದನು ಯುಧಿಷ್ಠಿರನನ್ನು ಕೇಳುವ ಪ್ರಶ್ನೆಗಳಲ್ಲಿ, ಅವನಿಗಾಗಿ ಸತ್ತವರ ಹೆಂಡಿರನ್ನು ಪೋಷಿಸುತ್ತಿರುವನೇ ಎಂಬುದೂ ಒಂದು.

ಕನ್ನಡನಾಡಿನಲ್ಲಿ ಇಂತಹ ಭರಣವು ನಡೆಯುತ್ತಿದ್ದ ಬಗೆಯನ್ನು ಶಾಸನಗಳ ಪಾರಿಭಾಷಿಕ ಶಬ್ದಗಳಿಂದಲೇ ತಿಳಿಯಬಹುದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನವು ಶಕವರ್ಷ 872ನ್ನು, ಎಂದರೆ ಕ್ರಿ. ಶ. 949–50ನ್ನು ಹೇಳುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗ ಬೂತುಗನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಯುದ್ಧದಲ್ಲಿ ಮಣಲೇರನೆಂಬ ಭಟನು ಕಾದಿದನು. ಮೆಚ್ಚಿದ ಬೂತುಗನು ಬೇಡಿದುದನ್ನು ಕೊಡುವೆನೆನ್ನಲು, ಅವನು ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು! ಆ ನಾಯಿಯು ಹಂದಿಯೊಡನೆ ಹೋರಾಡಿ ಮಡಿಯಲು ಅದಕ್ಕೂ ಕಲ್ಲು ನಿಂತಿತು. ಆದರೆ ದೊರೆಯ ಕೊಡುಗೆ ನಾಯಿಗೆ ಮುಗಿಯಲಿಲ್ಲ. ಆತಕೂರು ಹನ್ನೆರಡನ್ನೂ ಬೆಳ್ವೊಲದ ಕಾದಿಯೂರನ್ನೂ ಮಣಲೇರನಿಗೆ ಬಾಳ್ಗಚ್ಚಾಗಿ ಕೊಟ್ಟನು. ಬಾಳ್ ಎಂದರೆ ಖಡ್ಗ, ಕರ್ಚು ಎಂದರೆ ತೊಳೆ. ಖಡ್ಗವನ್ನು ತೊಳೆದು ಕೊಟ್ಟ ದತ್ತಿಯೆಂದರ್ಥ. ಇದನ್ನು ಬಾಳುವೆಗೆಂದು ಕೊಟ್ಟುದು ಎಂದು ಬಿಡಿಸುವುದು ಸಲ್ಲದು. ಜೀವಿಸುವ ಅರ್ಥದ ಬಾೞ್ ಧಾತುವು ೞಕಾರಾಂತ, ಖಡ್ಗವಾಚಿಯು ಳಕಾರಾಂತ.

ಮಡಿದವನ ಪಕ್ಷಕ್ಕೆ ಬೇಗೂರಿನ ಶಾಸನವು ನಿದರ್ಶನ. ಗಂಗ ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನಿಗೆ ನೆರವಾಗಿ ವೀರಮಹೇಂದ್ರನೊಡನೆ ಕಾದಿದ ನಾಗತ್ತರನು ರಣದಲ್ಲಿ ಬಿದ್ದನು. ಎರೆಯಪ್ಪನು ಇರುಗನಿಗೆ ನಾಗತ್ತರವಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ನೆತ್ತರುಕೊಡಗೆಯೆಂಬ ಶಬ್ದವಂತೂ ದತ್ತಿಯ ಕಾರಣವನ್ನು ತಾನೇ ಹೇಳುತ್ತದೆ.

ಇಂತಹ ದತ್ತಿಗೆ ರಕ್ಷೆ ಯಾವುದು? ಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಕಾಣುವುದು ಶಾಪವಾಕ್ಯ. ಆತಕೂರಿನಲ್ಲಿ, ಕಲ್ಲಿನ ಪೂಜೆಗೆ ಬಿಟ್ಟ ನೆಲವನ್ನು ಕೆಡಿಸಿದವನಿಗೆ ಆ ನಾಯಿಯ ಪಾಪವು ತಟ್ಟುವುದೆಂದಿದೆ. ದತ್ತಿಯನ್ನು ಕಳೆದುಕೊಂಡವನು ಯಾರ ಮುಂದೆ ನಿಲ್ಲಬೇಕೆಂಬುದನ್ನು ಕಲ್ಲು ಹೇಳುವುದಿಲ್ಲ.

ಆಂಗ್ಲರ ಆಳಿಕೆಯಲ್ಲಿ ಆದ 1871ರ ಪಿಂಚಣಿ ಕಾಯಿದೆಯು ಹೇಳಿತು, ಆದರೆ ವಿಪರೀತವಾಗಿ: ತಮ್ಮ ಸರ್ಕಾರವಾಗಲಿ ಹಿಂದಿನ ಯಾವ ಸರ್ಕಾರವಾಗಲಿ ಕೊಟ್ಟ ಪಿಂಚಣಿಯ ವಿಷಯದ ದಾವೆಯನ್ನು, ಕಲೆಕ್ಟರ್ ಮೊದಲಾದ ಅಧಿಕಾರಿಯ ಪತ್ರವಿಲ್ಲದೆ ಸಿವಿಲ್ ನ್ಯಾಯಾಲಯವು ವಿಚಾರಿಸಕೂಡದು. ಕೊಟ್ಟ ಕೈಯೇ ನ್ಯಾಯದ ಬಾಗಿಲ ಕೀಲಿಯನ್ನೂ ಹಿಡಿದಂತಾಯಿತು. ಪಿಂಚಣಿಯು ಪ್ರಭುವಿನ ಇಚ್ಛಾಧೀನವಾದ ಅನುಗ್ರಹವಲ್ಲ, ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯವು ನಕರಾ ಪ್ರಕರಣದಲ್ಲಿ ಸಾರಿದುದು 1982ರಲ್ಲಿ. 2007ರ ಸಶಸ್ತ್ರಪಡೆಗಳ ನ್ಯಾಯಮಂಡಳಿ ಕಾಯಿದೆಯು ಪಿಂಚಣಿಯನ್ನು ಸೇವಾವಿಷಯಗಳಲ್ಲಿ ಸೇರಿಸಿತು. ನಿವೃತ್ತ ಯೋಧನಿಗೆ ಮಾತ್ರವಲ್ಲದೆ ಅವನ ಆಶ್ರಿತರಿಗೂ ಉತ್ತರಾಧಿಕಾರಿಗಳಿಗೂ ಆ ಮಂಡಳಿಯ ಮುಂದೆ ಅರ್ಜಿದಾರರಾಗಿ ನಿಲ್ಲುವ ಅಧಿಕಾರವನ್ನು ಕೊಟ್ಟಿತು.