ಕೋಟೆಗೋಡೆಗೆ ಒರಗಿದ ಬಳೆ ಒಲೆ

ಇನ್ನೂರು ವರ್ಷಗಳ ಹಿಂದೆ ಮೈಸೂರು ಸೀಮೆಯ ಹೆಣ್ಣುಮಕ್ಕಳ ಕೈಯಲ್ಲಿ ಗಲಗಲ ಎನ್ನುತ್ತಿದ್ದ ಗಾಜಿನ ಬಳೆಗಳಲ್ಲಿ ಬಹಳಷ್ಟು ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಹುಟ್ಟಿದವು. ಈ ಮಾತು ಈಗ ಮತ್ತೋಡಿನಾಚೆ ಹೇಳಿದರೆ ನಂಬುವವರು ಕಡಿಮೆ. ಗಾಜಿನ ಬಳೆ ಎಂದರೆ ಫಿರೋಜಾಬಾದ್ ಎಂಬುದು ನಮಗೆ ಅಷ್ಟು ರೂಢಿಯಾಗಿದೆ.

ಮತ್ತೋಡು ಇವತ್ತು ಒಂದು ಹೋಬಳಿ ಕೇಂದ್ರ. ಸುತ್ತ ಕುರುಚಲು ಗುಡ್ಡಗಳು, ನಡುವೆ ರಾಗಿ ಹೊಲ, ತೆಂಗಿನ ತೋಟ. ಹಿಂದೆ ಇದು ಪಾಳೆಯಗಾರರ ಊರು. ಕೋಟೆ ಕಟ್ಟಿಕೊಂಡು ಆಳಿದ ಚಿಕ್ಕ ಮನೆತನಗಳು ಈ ಸೀಮೆಯಲ್ಲಿ ಅನೇಕ. ಹಾಗಾಗಿ ಹಾಳುಕೋಟೆಗಳಿಗೂ ಇಲ್ಲಿ ಬರವಿಲ್ಲ. ಆದರೆ ಚಿತ್ರದುರ್ಗದಂಥ ಏಳು ಸುತ್ತಿನ ಕೋಟೆ ಜಿಲ್ಲೆಯಲ್ಲಿರುವಾಗ ಮಿಕ್ಕವುಗಳ ಕಡೆ ತಿರುಗುವವರು ಯಾರು? ಬಸ್ಸು ತುಂಬ ಬಂದ ಪ್ರವಾಸಿಗರು ಓಬವ್ವನ ಕಿಂಡಿಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಚಂದ್ರವಳ್ಳಿ ನೋಡುತ್ತಾರೆ, ತೀರಾ ಆಸಕ್ತಿಯಿದ್ದರೆ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತಾರೆ. ಹೊಳಲ್ಕೆರೆ ದಾಟಿ ಹೊಸದುರ್ಗದ ಕಡೆ ಬರುವವರು ಆ ಕಡೆಯ ನೆಂಟರು ಮಾತ್ರ.

1801ರಲ್ಲಿ ಹಾಗೆ ಬಂದವನೊಬ್ಬನಿದ್ದ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷವೇ ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಮೈಸೂರು ಸೀಮೆಯ ಸಮೀಕ್ಷೆಗೆ ಕಳಿಸಿತ್ತು. ಯಾವ ನೆಲ ಏನು ಬೆಳೆಯುತ್ತದೆ, ಯಾವ ಜನ ಏನು ತಯಾರಿಸುತ್ತಾರೆ, ಯಾವುದಕ್ಕೆ ಎಷ್ಟು ಬೆಲೆ ಎಂದು ವಿಚಾರಿಸುವುದೇ ಅವನ ಕೆಲಸ. ಗೆದ್ದ ಮನೆಯ ಪಾತ್ರೆಪಗಡ ಎಣಿಸುವ ಉದ್ಯೋಗ ಎಂದರೂ ಸರಿಯೆ. ಚಿತ್ರದುರ್ಗ, ಐಮಂಗಲ, ಹಿರಿಯೂರುಗಳನ್ನು ಹಾದು ಅವನು ಮತ್ತೋಡಿಗೆ ಬಂದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಇಲ್ಲಿನ ಬಳೆ ತಯಾರಿಕೆಯ ವಿವರ ಇದೆ. ಮುಂದೆ ಬಿ. ಎಲ್. ರೈಸ್ ಮೈಸೂರು ಗೆಜೆಟಿಯರ್ ಬರೆದಾಗಲೂ ಗಾಜಿನ ವಿಷಯಕ್ಕೆ ಅದನ್ನೇ ಎತ್ತಿಕೊಂಡರು. ಬುಕನನ್ನನ ಉದ್ದೇಶ ಏನೇ ಇರಲಿ, ಕೆಲಸಗಾರನ ಪಕ್ಕದಲ್ಲಿ ನಿಂತು ಅವನ ಕೈಯನ್ನೇ ನೋಡುವ ತಾಳ್ಮೆ ಆತನಿಗಿತ್ತು. ಅರಮನೆಯ ವಂಶಾವಳಿ ಬರೆದವರಲ್ಲಿ ಆ ತಾಳ್ಮೆ ಕಾಣುವುದಿಲ್ಲ.

ಅವನು ಕಂಡದ್ದು ಇದು. ಊರ ಕೋಟೆಗೋಡೆಯ ಒಳಮೈಗೆ ಒತ್ತಿಕೊಂಡು ಎತ್ತರವಾದ ಒಂದು ಜಗಲಿ. ಆ ಜಗಲಿಯೊಳಗೆ ಒಲೆಗಳು. ಒಂದೊಂದೂ ಸುಮಾರು 8 ಅಡಿ ಅಗಲ, 10 ಅಡಿ ಎತ್ತರ, ಹುತ್ತದ ಹಾಗೆ ಮೇಲೆ ಹೋದಂತೆ ಕಿರಿದು. ಕಮಾನು ಕಟ್ಟುವ ಗೋಜಿಗೆ ಹೋಗದೆ, ಕಲ್ಲಿನ ಒಂದೊಂದು ವರಸೆಯನ್ನೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚಿ ಕೂರಿಸುತ್ತಾ ಹೋಗಿ, ನೆತ್ತಿಯಲ್ಲಿ ಒಂದು ಗುಂಡನೆಯ ಕಿಂಡಿ ಉಳಿಸಿದ್ದರು. ನಮ್ಮ ಹಳೆಯ ಗುಡಿಗಳ ಒಳಮಾಡು ಕಟ್ಟುವುದೂ ಇದೇ ಉಪಾಯದಿಂದ. ಗೋಡೆಗೆ ಎದುರು ಬದಿಯಲ್ಲಿ, ನೆಲಮಟ್ಟದಲ್ಲಿ, ಸೌದೆ ತುರುಕಲು ಒಂದು ಬಾಯಿ. ಗೋಡೆಯ ಕಡೆಗೆ, ಅದಕ್ಕಿಂತ ಮೇಲೆ, ಗಾಜು ಕರಗಿಸುವ ಮೂಸೆಗಳನ್ನು ಒಳಗಿಡಲು ಇನ್ನೊಂದು. ಮೂಸೆಗಳು ಚಿಕ್ಕವಲ್ಲ. ಕೆಲವು 20 ಲೀಟರಿಗೂ ಮಿಕ್ಕಿ ಹಿಡಿಯುವಂಥ ಮಣ್ಣಿನ ಗಡಿಗೆಗಳು.

ಕೋಟೆಗೋಡೆಯನ್ನೇ ಯಾಕೆ ಹಿಡಿದರು ಎಂದು ಬುಕನನ್ ಕೇಳಿದಂತಿಲ್ಲ. ಉತ್ತರ ಊಹಿಸುವುದು ಕಷ್ಟವಲ್ಲ. ಅಷ್ಟು ದಪ್ಪದ ಕಲ್ಲುಗೋಡೆ ಒಲೆಗೆ ಬೆನ್ನಾಗಿ ಪುಕ್ಕಟೆ ಸಿಗುವಾಗ ಬೇರೆ ಕಟ್ಟುವುದೇಕೆ? ಗಾಳಿಗೂ ಮರೆ, ಊರಿನ ಹುಲ್ಲಿನ ಮಾಡುಗಳಿಂದಲೂ ದೂರ. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನೇ ಹಿಡಿದಾದ ಮೇಲೆ ಈ ಸೀಮೆಯಲ್ಲಿ ಪಾಳೆಯಗಾರರ ಕಾಲ ಮುಗಿದಿತ್ತು. ದೊರೆಗಳಿಗೆ ಬೇಡವಾದ ಗೋಡೆ ಬಳೆ ಮಾಡುವವರಿಗೆ ಅನ್ನ ಕೊಡುತ್ತಿತ್ತು. ನನಗೆ ಕೋಟೆಯ ಕಥೆಗಳಲ್ಲಿ ಇದಕ್ಕಿಂತ ರುಚಿಸಿದ ಕಥೆ ಇನ್ನೊಂದಿಲ್ಲ.

ಇನ್ನು ಬಳೆ ಮಾಡುವ ಬಗೆ. ಒಲೆಯ ಕಿಂಡಿಯ ಮುಂದೆ ಕೂತವನು ಕಬ್ಬಿಣದ ಸಲಾಕಿಯ ತುದಿಯಿಂದ ಒಂದು ಬಳೆಗೆ ಸಾಕಾಗುವಷ್ಟೇ ಕರಗಿದ ಗಾಜನ್ನು ಎತ್ತಿಕೊಳ್ಳುತ್ತಾನೆ. ಇನ್ನೊಂದು ಸಲಾಕಿಯಿಂದ ಒತ್ತಿ ಅದನ್ನು ಚಿಕ್ಕ ಉಂಗುರ ಮಾಡುತ್ತಾನೆ. ಕಿಂಡಿಯ ಎರಡೂ ಬದಿಗೆ ಎರಡು ಕಂಬ, ಅವುಗಳ ಕಚ್ಚಿನಲ್ಲಿ ಕೂತ ಕಬ್ಬಿಣದ ದಂಡ, ದಂಡಕ್ಕೆ ಸಿಕ್ಕಿಸಿದ ಮಣ್ಣಿನ ಅಚ್ಚು. ಅಚ್ಚು ಒಂದು ಕಡೆ ಚೂಪು, ಇನ್ನೊಂದು ಕಡೆ ಅಗಲ. ಉಂಗುರವನ್ನು ಚೂಪು ತುದಿಗೆ ತೊಡಿಸಿ ದಂಡವನ್ನು ತಿರುಗಿಸಿದರೆ ಅದು ಹಿಗ್ಗುತ್ತಾ ಹಿಗ್ಗುತ್ತಾ ಅಗಲದ ಕಡೆಗೆ ಸರಿಯುತ್ತದೆ. ಅಲ್ಲಿ ಸುತ್ತಲೂ ಕೊರೆದ ಒಂದು ಕಚ್ಚು ಅದನ್ನು ತಡೆದು ನಿಲ್ಲಿಸುತ್ತದೆ. ಬಳೆಯ ಅಳತೆ ನಿರ್ಧಾರವಾಗುವುದು ಅಲ್ಲೇ. ಅಚ್ಚು ಇನ್ನೂ ತಿರುಗುತ್ತಿರುವಾಗಲೇ ಕಬ್ಬಿಣದ ಅಲಗನ್ನು ತಾಗಿಸಿ ಮೈ ನಯ ಮಾಡಬೇಕು. ಗಾಜು ಆರುವುದರೊಳಗೆ ಇದೆಲ್ಲ ಮುಗಿಯಬೇಕು; ತಡವಾದರೆ ಅದು ಹಿಗ್ಗುವುದಿಲ್ಲ, ಸೀಳುತ್ತದೆ. ಬಳೆ ಕಳಚಿ, ಅಚ್ಚನ್ನು ಮತ್ತೆ ಕಾಯಿಸಿ, ಮುಂದಿನದಕ್ಕೆ ಕೈ. ಬೇಸಿಗೆಯ ಬಯಲುಸೀಮೆಯಲ್ಲಿ ಹೀಗೆ ಬೆಂಕಿಯೆದುರು ಕೂತು ಒಂದು ಗೊಂಚಲು ಬಳೆ ಮಾಡುವುದೆಂದರೇನೆಂದು ಬಳೆ ಇಡಿಸಿಕೊಳ್ಳುವಾಗ ನೆನೆಯುವವರಿಲ್ಲ.

ಬೇಕಾದ ಸಾಮಾನಿನಲ್ಲಿ ಹೆಚ್ಚಿನದು ಕಾಲಬುಡದಲ್ಲೇ ಇತ್ತು. ಗಾಜಿಗೆ ಮುಖ್ಯವಾಗಿ ಬೇಕಾದ್ದು ಬಿಳಿ ಬೆಣಚುಕಲ್ಲಿನ ಪುಡಿ. ಚಿತ್ರದುರ್ಗದ ಗುಡ್ಡಗಳಲ್ಲಿ ಅದಕ್ಕೆ ಕೊರತೆಯಿಲ್ಲ. ಆದರೆ ಬರಿ ಬೆಣಚುಕಲ್ಲನ್ನು ಕರಗಿಸುವಷ್ಟು ಕಾವು ಸೌದೆ ಒಲೆಯಿಂದ ಬಾರದು. ಕಡಿಮೆ ಕಾವಿನಲ್ಲೇ ಅದನ್ನು ಕರಗಿಸಲು ಕ್ಷಾರ ಬೇಕು. ಅದು ಚೌಳು ಮಣ್ಣಿನಲ್ಲಿದೆ. ಬೇಸಿಗೆಯಲ್ಲಿ ಚೌಳು ನೆಲದ ಮೇಲೆ ಬೆಳ್ಳಗೆ ಉಕ್ಕಿಬರುವ, ಅಗಸರು ಬಟ್ಟೆಗೆ ಬಳಸುತ್ತಿದ್ದ ಮಣ್ಣು. ಅದನ್ನು ಕೆರೆದು ತಂದು, ನೀರಿನಲ್ಲಿ ಕದಡಿ, ಸೋಸಿ, ಒಣಗಿಸಿದರೆ ಕ್ಷಾರ. ರೈತ ಬೈದುಕೊಳ್ಳುವ ನೆಲವೇ ಬಳೆಯವನಿಗೆ ಗಣಿ. ಹಸಿರು, ಕೆಂಪು, ಕಪ್ಪು, ನೀಲಿ, ಹಳದಿ ಎಂದು ಐದು ಬಣ್ಣದ ಗಾಜು ಇಲ್ಲಿ ಆಗುತ್ತಿತ್ತು. ತಾಮ್ರ ಬೆರೆಸಿದರೆ ಹಸಿರು. ಅದೇ ತಾಮ್ರ, ಒಲೆಗೆ ಗಾಳಿ ಕಡಿಮೆ ಬಿಟ್ಟರೆ ಕೆಂಪು. ಕಬ್ಬಿಣ ಹೆಚ್ಚಾದರೆ ಕಪ್ಪು. ಕಬ್ಬಿಣದ ಅದಿರು ಈ ಗುಡ್ಡಸಾಲಿನಲ್ಲಿ ಹೇರಳ. ಚಿತ್ರದುರ್ಗದ ಬಳಿಯ ಇಂಗಳದಾಳದಲ್ಲಿ ತಾಮ್ರದ ಗಣಿಯನ್ನೇ ತೋಡಿದರು. ಚಂದ್ರವಳ್ಳಿ ಮತ್ತು ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿಸಿದಾಗ ಸಾತವಾಹನರ ಕಾಲದ ಪದರಗಳಲ್ಲಿ ಬಳೆಯ ಚೂರುಗಳು ಸಿಕ್ಕಿದ್ದವು. ಈ ಸೀಮೆಗೆ ಬಳೆಯ ಹುಚ್ಚು ಹೊಸದಲ್ಲ.

ಕನ್ನಡ ಬಳೆಗಾರನನ್ನು ಮರೆತಿಲ್ಲ. ಹೆಗಲ ಮೇಲೆ ಬಳೆಯ ಮಲಾರ ಹೊತ್ತು ತವರಿಗೂ ಅತ್ತೆಮನೆಗೂ ಸುದ್ದಿ ಮುಟ್ಟಿಸುವವನು ಜನಪದ ಹಾಡಿನಲ್ಲಿದ್ದಾನೆ. ಕೆ. ಎಸ್. ನರಸಿಂಹಸ್ವಾಮಿಯವರಲ್ಲಿ ಚೆನ್ನಯ್ಯನಾಗಿ ಬರುತ್ತಾನೆ. ಒಲೆಯೆದುರು ಕೂತು ಬಳೆ ಮಾಡಿದವನ ಮೇಲೆ ಅಂಥ ಹಾಡಿಲ್ಲ. ಅಂಗಳಕ್ಕೆ ಬಂದವನು ಹಾಡಿಗೂ ಬಂದ, ಅಷ್ಟೆ.

ಮತ್ತೋಡಿನಂಥ ಒಲೆಗಳಿಗೆ ಏಟು ಬಿದ್ದದ್ದು ಬಹಳ ದೂರದಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬೊಹೀಮಿಯಾದ, ಈಗಿನ ಚೆಕ್ ದೇಶದ, ಯಾಬ್ಲೊನೆಟ್ಸ್ ಸುತ್ತಿನ ಹಳ್ಳಿಗಳು ಭಾರತದ ಸಂತೆಗಳಿಗಾಗಿಯೇ ಬಳೆ ಮಾಡತೊಡಗಿದವು. ನುಣುಪು, ಹೊಳಪು, ಅಗ್ಗ. ಆಮೇಲೆ ಜಪಾನಿನ ಬಳೆ ಬಂತು, ಕೊನೆಗೆ ಫಿರೋಜಾಬಾದಿನದು. ಸೀಮಂತಕ್ಕೂ ಗೌರಿಹಬ್ಬಕ್ಕೂ ಹಸಿರು ಬಳೆ ತಪ್ಪಲಿಲ್ಲ. ಅದು ಬರುವ ದಾರಿ ಬದಲಾಯಿತು. ಕೋಟೆಯೂ ಗಾಜೂ ಅಕ್ಕಪಕ್ಕ ಇರುವುದು ಮತ್ತೋಡಿನಲ್ಲಷ್ಟೇ ಅಲ್ಲ. ಅದೇ ಮಧ್ಯ ಯೂರೋಪಿನ ಸ್ಲೊವಾಕಿಯಾದಲ್ಲಿ ಲೆಡ್ನಿತ್ಸಾ ಎಂಬ ಹಳ್ಳಿಯಿದೆ. ಬೆಟ್ಟದ ತಪ್ಪಲು, ಬಂಡೆಯ ಮೇಲೆ ಹಾಳುಕೋಟೆ. ಅಲ್ಲಿಂದ ತುಸು ದೂರದ ಲೆಡ್ನಿತ್ಸ್ಕೆ ರೋವ್ನೆಯಲ್ಲಿ 1892ರಲ್ಲಿ ಶುರುವಾದ ಗಾಜಿನ ಕಾರ್ಖಾನೆ ಇಂದಿಗೂ ನಡೆಯುತ್ತಿದೆ. ಆ ಕೋಟೆಯ ಆಸುಪಾಸಿನಲ್ಲಿ ಗಾಜಿನವರು ಇನ್ನೂ ಇದ್ದಾರೆ. ಮತ್ತೋಡಿಗೆ ಬಂದವರಿಗೆ ಇಲ್ಲಿ ಗಾಜಿನವರಿದ್ದರೆಂದು ಹೇಳುವ ಒಂದು ಫಲಕವೂ ಬೇಡವೇ?

ಒಲೆ ಆರಿದ್ದರೂ ಗಾಜಿನ ಕೆಲಸ ನಡೆದ ನೆಲ ಸುಲಭಕ್ಕೆ ಬರಿದಾಗುವುದಿಲ್ಲ. ಮೂಸೆಯ ಚೂರು, ಬಣ್ಣದ ಕಿಟ್ಟ, ಒಡೆದ ಬಳೆತುಂಡು ಕೊಳೆಯುವ ವಸ್ತುಗಳಲ್ಲ. ಕೋಟೆಗೋಡೆಯ ಒಳಬದಿಯಲ್ಲಿ ಪುರಾತತ್ತ್ವದವರು ಕ್ರಮವಾಗಿ ಅಗೆದು ನೋಡಿದರೆ, ಬುಕನನ್ ಬರೆದದ್ದರಲ್ಲಿ ಎಷ್ಟು ಸರಿ, ಅವನ ಕಣ್ಣಿಗೆ ಬೀಳದ್ದು ಏನು ಎಂದು ತಿಳಿದೀತು. ಜೆಸಿಬಿ ತಂದು ಗೋಡೆಗೆ ಕೈಯಿಡುವ ಮೊದಲು ಆ ಕೆಲಸ ಆಗಬೇಕು. ಸಿಕ್ಕಿದ್ದರಲ್ಲಿ ಒಂದು ಮಣ್ಣಿನ ಅಚ್ಚು ಇಡಿಯಾಗಿದ್ದರೆ ಚಿತ್ರದುರ್ಗದ ವಸ್ತುಸಂಗ್ರಹಾಲಯದಲ್ಲಿ ಕತ್ತಿ, ಫಿರಂಗಿ ಗುಂಡುಗಳ ಪಕ್ಕದಲ್ಲೇ ಇಡಲಿ.