ಡಿಕ್ಕಿಯ ಜಾತಕ

ಕಾರಿನ ಹಿಂಭಾಗದಲ್ಲಿ ಸಾಮಾನು ಇಡುವ ಜಾಗಕ್ಕೆ ಅಮೆರಿಕದಲ್ಲಿ ಟ್ರಂಕ್, ಇಂಗ್ಲೆಂಡಿನಲ್ಲಿ ಬೂಟ್, ನಮ್ಮೂರಲ್ಲಿ ಡಿಕ್ಕಿ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ‘ಡಿಕ್ಕಿ’ ಎಂದರೆ ಕಿಸಕ್ಕನೆ ನಗುತ್ತಾರೆ. ನಾವೂ ಸಂಕೋಚಪಟ್ಟು ‘ಟ್ರಂಕ್’ ಎಂದು ತಿದ್ದಿಕೊಳ್ಳುತ್ತೇವೆ. ಹಾಗೆ ತಿದ್ದಿಕೊಳ್ಳುವ ಮುಂಚೆ ಈ ಪದದ ಜಾತಕವನ್ನು ಸ್ವಲ್ಪ ನೋಡೋಣ.

ಡಿಕ್ಕಿ ನಾವು ಕಟ್ಟಿದ ಪದವಲ್ಲ, ಇಂಗ್ಲಿಷರದ್ದೇ. ಕುದುರೆ ಸಾರೋಟಿನ ಕಾಲದಲ್ಲಿ ಸಾರೋಟು ಹೊಡೆಯುವವನ ಪೀಠಕ್ಕೂ, ಹಿಂದುಗಡೆ ಆಳುಗಳು ಕೂರುತ್ತಿದ್ದ ಪೀಠಕ್ಕೂ ಅವರು ‘ಡಿಕಿ’ ಎನ್ನುತ್ತಿದ್ದರು. ರಿಚರ್ಡ್ ಎಂಬ ಹೆಸರಿನ ಮುದ್ದು ರೂಪವಾದ ‘ಡಿಕ್’ನಿಂದ ಇದು ಬಂದಿರಬೇಕೆಂದು ಊಹೆ.

ಕಾರು ಬಂದಾಗ ಈ ಹೆಸರೂ ಅದರ ಬೆನ್ನೇರಿತು. 1920-30ರ ದಶಕದ ಇಬ್ಬರೇ ಕೂರುವ ಕಾರುಗಳ ಹಿಂದೆ ಒಂದು ಮುಚ್ಚಳ. ತೆರೆದರೆ ಅದರೊಳಗೊಂದು ಪೀಠ. ಮೇಲೆ ಸೂರಿಲ್ಲ, ಮಳೆ, ಗಾಳಿ, ಧೂಳು ಎಲ್ಲವೂ ಅಲ್ಲಿ ಕೂತವರಿಗೇ! ಅಮೆರಿಕದವರು ಇದಕ್ಕೆ ರಂಬಲ್ ಸೀಟ್ ಎಂದರು, ತಮಾಷೆಗೆ ‘ಅತ್ತೆಯ ಸೀಟು’ ಎಂದೂ ಕರೆದರು. ಅಳಿಯಂದಿರು ಎಲ್ಲ ದೇಶದಲ್ಲೂ ಒಂದೇ ನೋಡಿ.

ಮುಚ್ಚಿದ ಕಾರುಗಳು ಹೆಚ್ಚಿದಂತೆ ಈ ಪೀಠ ಮಾಯವಾಯಿತು. 1946ರಿಂದ 1949ರವರೆಗೆ ತಯಾರಾದ ಬ್ರಿಟನ್ನಿನ ಟ್ರಯಂಫ್ ರೋಡ್‌ಸ್ಟರ್ ಡಿಕಿ ಪೀಠವಿದ್ದ ಕೊನೆಯ ಕಾರು ಎನ್ನುತ್ತಾರೆ. ಪೀಠದ ಜೊತೆಗೆ ಆ ಹೆಸರೂ ಇಂಗ್ಲಿಷರ ದಿನಬಳಕೆಯಿಂದ ಜಾರಿತು. ಭಾರತದಲ್ಲಿ ಮಾತ್ರ ಮುಚ್ಚಳದ ಕೆಳಗಿನ ಜಾಗಕ್ಕೇ ಅಂಟಿಕೊಂಡು ಬದುಕಿತು. ಹಳೆಯ ಪ್ರೋಗ್ರಾಮಿನಲ್ಲಿ ಕೆಲಸ ಬದಲಾದರೂ ವೇರಿಯಬಲ್‌ನ ಹೆಸರು ಹಾಗೇ ಉಳಿದುಬಿಡುತ್ತದಲ್ಲ, ಹಾಗೆ.

ಟ್ರಂಕ್ ಏನು ಹೆಚ್ಚಿನದಲ್ಲ. ಹಿಂದಿನ ಕಾರುಗಳ ಬೆನ್ನಿಗೆ ನಿಜವಾದ ಪೆಟ್ಟಿಗೆಯನ್ನೇ ಪಟ್ಟಿ ಹಾಕಿ ಬಿಗಿಯುತ್ತಿದ್ದರು. ಅಜ್ಜಿಯ ಮಂಚದ ಕೆಳಗಿನ ತಗಡಿನ ಟ್ರಂಕಿಗೂ ಅದಕ್ಕೂ ಹೆಸರು ಒಂದೇ. ಬೂಟ್ ಕೂಡ ಸಾರೋಟಿನ ಕಾಲದ್ದೇ. ಮೂರೂ ಹಳೆಯ ಹೆಸರುಗಳೇ.

ಕನ್ನಡದಲ್ಲಿ ಇನ್ನೊಂದು ಮೋಜಿದೆ. ‘ಡಿಕ್ಕಿ ಹೊಡೆ’ ಎನ್ನುವಾಗಿನ ಡಿಕ್ಕಿಯೇ ಬೇರೆ, ಅದಕ್ಕೂ ರಿಚರ್ಡನಿಗೂ ನಂಟಿಲ್ಲ. ‘ಲಾರಿ ಡಿಕ್ಕಿ ಹೊಡೆದು ಡಿಕ್ಕಿ ನಜ್ಜುಗುಜ್ಜಾಯಿತು’ ಎಂದರೆ ಯಾವ ಕನ್ನಡಿಗನಿಗೂ ಗೊಂದಲವಾಗದು.

ಮಕ್ಕಳು ಮತ್ತೆ ನಕ್ಕರೆ ಈ ಕಥೆ ಹೇಳಿ. ನಮ್ಮದು ತಪ್ಪು ಇಂಗ್ಲಿಷಲ್ಲ. ಇಂಗ್ಲಿಷರೇ ಮರೆತ ಪದವನ್ನು ಜೋಪಾನ ಮಾಡಿದವರು ನಾವು.